ಹೆಚ್ಚು, ಕಡಿಮೆ ಮತ್ತು ಹೆಚ್ಚುಕಡಿಮೆ

ಕನ್ನಡದಲ್ಲಿ ‘ಹೆಚ್ಚುಕಡಿಮೆ’ ಎಂಬುದೊಂದು ವಿಚಿತ್ರವಾದ ಮಾತು. ಬಿಡಿಸಿ ಹೇಳಿದರೆ ಅದು ಒಂದಕ್ಕೊಂದು ವಿರುದ್ಧವಾದ ಎರಡು ಪದಗಳು. ಕೂಡಿಸಿ ಹೇಳಿದರೆ ‘ಸರಿಸುಮಾರು’ ಎಂದು ಅರ್ಥ. ಅದರ ಕೊನೆಗೆ ‘ಆಯಿತು’ ಎಂದು ಹಚ್ಚಿದರೆ ಏನೋ ಅನಾಹುತವಾಯಿತೆಂದು ಕೇಳಿದವರು ಗಾಬರಿಯಾಗುತ್ತಾರೆ. ನಮ್ಮ ಶಾಲೆಗಳಲ್ಲಿ > ಮತ್ತು < ಎಂಬ ಎರಡು ಪುಟ್ಟ ಗುರುತುಗಳ ಪಾಠ ನಡೆಯುವ ಬಗೆಯನ್ನು ಕಂಡಾಗ ನನಗೆ ಈ ಮೂರು ಅರ್ಥಗಳೂ ಒಟ್ಟಿಗೆ ನೆನಪಾಗುತ್ತವೆ. ಹೆಚ್ಚು ಕಡಿಮೆಗಳ ಪಾಠ ಹೆಚ್ಚುಕಡಿಮೆ ನಡೆಯುತ್ತದೆ. ಮುಂದೆ ನಾಲ್ಕಾರು ವರ್ಷಗಳಲ್ಲಿ ಮಕ್ಕಳ ಗಣಿತದಲ್ಲಿ ಏನೋ ಹೆಚ್ಚುಕಡಿಮೆಯಾಗಿಬಿಡುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಭಾನುವಾರದ ಪುಟವನ್ನು ವ್ಯಯಮಾಡಬೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಗುರುತು ಸಣ್ಣದು, ನಿಜ. ಎರಡು ಗೀಟು ಎಳೆದರೆ ಮುಗಿಯಿತು. ಆದರೆ ಮಗುವು ಲೆಕ್ಕವನ್ನು ಬಿಟ್ಟು ಮೊಟ್ಟಮೊದಲಿಗೆ ‘ಹೇಳಿಕೆ’ಯೊಂದನ್ನು ಬರೆಯುವುದು ಈ ಗುರುತಿನಿಂದಲೇ ಎಂಬುದನ್ನು ನಾವು ಮರೆಯುತ್ತೇವೆ. ‘೭ + ೫’ ಎಂಬುದು ಒಂದು ಕೆಲಸ. ಮಾಡಿ ಮುಗಿಸಿದರೆ ೧೨ ಎಂಬ ಫಲ ದೊರೆಯುತ್ತದೆ. ‘೭ > ೫’ ಎಂಬುದರಲ್ಲಿ ಮಾಡಬೇಕಾದ ಕೆಲಸವೇನೂ ಇಲ್ಲ. ಅದೊಂದು ವಾಕ್ಯ, ಅದಕ್ಕೆ ಕರ್ತೃವುಂಟು, ಕ್ರಿಯೆಯುಂಟು, ಅದು ಸತ್ಯವಾಗಿರಬಹುದು ಅಥವಾ ಸುಳ್ಳಾಗಿರಬಹುದು. ವಾಕ್ಯವನ್ನು ವಾಕ್ಯದಂತೆ ಓದಲು ಕಲಿಸದೆ ಚಿತ್ರದಂತೆ ನೋಡಲು ಕಲಿಸುತ್ತಿದ್ದೇವೆ ಎಂಬುದೇ ನನ್ನ ಆಕ್ಷೇಪಣೆಯ ಸಾರ.

ಚಿತ್ರವಾವುದೆಂದರೆ, ಮೊಸಳೆ. ಈ ಪ್ರಾಣಿಯು ಇಂದು ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮ ಎಂಬ ಭೇದವಿಲ್ಲದೆ ಬಹುಪಾಲು ತರಗತಿಗಳನ್ನು ಆಕ್ರಮಿಸಿದೆ. ‘ಮೊಸಳೆಗೆ ಹಸಿವು, ಅದು ಯಾವಾಗಲೂ ದೊಡ್ಡ ಸಂಖ್ಯೆಯನ್ನೇ ನುಂಗುವುದು, ಆದ್ದರಿಂದ ಬಾಯಿ ದೊಡ್ಡದರ ಕಡೆಗೆ’ — ಇದು ಪಾಠ. ಮಕ್ಕಳು ನಗುತ್ತಾರೆ, ಮೊಸಳೆಗೆ ಹಲ್ಲು ಬರೆಯುತ್ತಾರೆ, ಹತ್ತಕ್ಕೆ ಹತ್ತು ಅಂಕ ಪಡೆಯುತ್ತಾರೆ. ಆಮೇಲೆ ಅದೇ ಮಗುವನ್ನು ಕರೆದು ‘ನೀನು ಬರೆದುದನ್ನು ಬಾಯಿಬಿಟ್ಟು ಓದಪ್ಪಾ’ ಎಂದು ಕೇಳಿ ನೋಡಬೇಕು. ‘ಏಳು… ಮೊಸಳೆ… ಐದು’ ಎನ್ನುತ್ತದೆ. ಇಲ್ಲವೆ ‘ಏಳು ಗ್ರೇಟರ್ ದ್ಯಾನ್ ಐದು’ ಎಂದು ಎರಡು ಕನ್ನಡದ ದಡಗಳ ನಡುವೆ ಒಂದು ಇಂಗ್ಲಿಷ್ ದೋಣಿ ಹಾಯಿಸುತ್ತದೆ. ಇಲ್ಲವೆ ‘ಏಳು ದೊಡ್ಡದು ಐದು’ ಎಂದು ಯಾವ ಭಾಷೆಗೂ ಸೇರದ ಮಾತನ್ನಾಡುತ್ತದೆ. ಹಲವು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನಾನು ಈ ಮೂರು ಉತ್ತರಗಳನ್ನೂ ಮತ್ತೆ ಮತ್ತೆ ಕೇಳಿದ್ದೇನೆ. ಉತ್ತರ ಬರೆಯಬಲ್ಲ ಮಗು ಅದನ್ನು ಓದಲಾರದು. ಓದಲಾರದ ವಾಕ್ಯವನ್ನು ಬರೆಯುವುದು ನಕಲು ಮಾಡುವುದಲ್ಲದೆ ಮತ್ತೇನು?

ಇದು ಮಗುವಿನ ದಡ್ಡತನವಲ್ಲ. ನಮ್ಮ ಭಾಷೆಯ ನಡೆಗೂ ಆ ಗುರುತಿನ ನಡೆಗೂ ಇರುವ ಒಂದು ಭೇದವೇ ಇದಕ್ಕೆ ಕಾರಣ. ಇಂಗ್ಲಿಷಿನ ವಾಕ್ಯದಲ್ಲಿ ಮೊದಲು ಏಳು, ನಡುವೆ ಹೋಲಿಕೆಯ ಮಾತು, ಕೊನೆಗೆ ಐದು; ಗುರುತೂ ಅದೇ ಕ್ರಮದಲ್ಲಿ ಕುಳಿತಿದೆ. ಆ ಭಾಷೆಯ ಮಗು ಎಡದಿಂದ ಬಲಕ್ಕೆ ಬೆರಳಿಟ್ಟು ಓದಿಕೊಂಡು ಹೋದರೆ ಸಾಕು. ಕನ್ನಡದಲ್ಲಿ ಕ್ರಿಯೆಯ ಸ್ಥಾನ ವಾಕ್ಯದ ಕೊನೆ. ‘ಏಳು ಐದಕ್ಕಿಂತ ಹೆಚ್ಚು’ ಎನ್ನಬೇಕಾದರೆ ನಮ್ಮ ಮಗು ಏಳನ್ನು ಓದಿ, ಗುರುತನ್ನು ಹಾರಿ, ಐದಕ್ಕೆ ಹೋಗಿ, ಅಲ್ಲಿಂದ ಹಿಂದಿರುಗಿ ಬಂದು ಗುರುತನ್ನು ಓದಬೇಕು. ಬರೆಹ ಒಂದು ದಾರಿಯಲ್ಲಿ, ನಾಲಗೆ ಇನ್ನೊಂದು ದಾರಿಯಲ್ಲಿ. ಈ ಹಾರಾಟವನ್ನು ಮಗುವಿಗೆ ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕೆಂಬ ಅರಿವೂ ನಮಗೆ ಇದ್ದಂತಿಲ್ಲ.

ಇಷ್ಟೇ ಆಗಿದ್ದರೆ ಅಭ್ಯಾಸದಿಂದ ಸರಿಹೋಗುತ್ತಿತ್ತು. ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ‘ಏಳು ಐದಕ್ಕಿಂತ ಹೆಚ್ಚು’ ಎಂದರೂ ಕನ್ನಡವೇ. ‘ಐದಕ್ಕಿಂತ ಏಳು ಹೆಚ್ಚು’ ಎಂದರೂ ಕನ್ನಡವೇ. ಎರಡರ ಅರ್ಥವೂ ಒಂದೇ. ನಾವು ಮಾತನಾಡುವಾಗ ಎರಡನೆಯದನ್ನೇ ಹೆಚ್ಚಾಗಿ ಬಳಸುತ್ತೇವೆಂದು ನನ್ನ ಎಣಿಕೆ: ‘ಮೊನ್ನೆಗಿಂತ ಇವತ್ತು ಬಿಸಿಲು ಜಾಸ್ತಿ’, ‘ಅಣ್ಣನಿಗಿಂತ ತಮ್ಮನೇ ವಾಸಿ’. ಈಗ ಉಪಾಧ್ಯಾಯರು ‘ಐದಕ್ಕಿಂತ ಏಳು ಹೆಚ್ಚು, ಗುರುತು ಹಾಕಿ ಬರೆಯಿರಿ’ ಎಂದರೆ, ಮಗು ಕಿವಿಗೆ ಬಿದ್ದ ಕ್ರಮದಲ್ಲಿ ಮೊದಲು ೫ ಬರೆಯುತ್ತದೆ. ‘ಹೆಚ್ಚು’ ಎಂದುದರಿಂದ > ಹಾಕುತ್ತದೆ. ಕೊನೆಗೆ ೭ ಬರೆಯುತ್ತದೆ. ೫ > ೭! ಕೆಂಪು ಮಸಿಯ ಗೀಟು ಬೀಳುತ್ತದೆ. ಕೇಳಿದ್ದನ್ನು ಕೇಳಿದಂತೆ ಬರೆದುದಷ್ಟೇ ಆ ಮಗುವಿನ ಅಪರಾಧ.

ಕನ್ನಡದಲ್ಲಿ ಹೋಲಿಕೆಯ ಭಾರವನ್ನೆಲ್ಲ ಹೊರುವುದು ‘ಇಂತ’ ಎಂಬ ಆ ಪುಟ್ಟ ಬಾಲ: ಐದಕ್ಕಿಂತ, ಅಣ್ಣನಿಗಿಂತ, ಮೊನ್ನೆಗಿಂತ. ಬಾಲ ಹತ್ತಿದ ಪದ ವಾಕ್ಯದಲ್ಲಿ ಎಲ್ಲಿ ಹೋಗಿ ಕುಳಿತರೂ ತನ್ನ ಪಾತ್ರವನ್ನು ಬಿಡುವುದಿಲ್ಲ. ಗಣಿತದ ಗುರುತಿಗೆ ಅಂಥ ಬಾಲವಿಲ್ಲ. ಅಲ್ಲಿ ಸ್ಥಾನವೇ ಸರ್ವಸ್ವ. ಬಾಲದ ಭಾಷೆಯಿಂದ ಸ್ಥಾನದ ಭಾಷೆಗೆ ಹೋಗುವಾಗ ನಡುವೆ ಅನುವಾದದ ಒಂದು ಹೆಜ್ಜೆಯಿದೆ. ಆ ಹೆಜ್ಜೆ ಕಷ್ಟದ್ದೇನೂ ಅಲ್ಲ: ‘ಗಿಂತ’ವನ್ನು ಹೊತ್ತವನನ್ನು ಹಿಡಿದು ಬಲಗಡೆಯಲ್ಲಿ ಕೂರಿಸು, ಉಳಿದವನನ್ನು ಎಡಗಡೆಯಲ್ಲಿ ಕೂರಿಸು, ವಾಕ್ಯ ‘ಹೆಚ್ಚು’ ಎಂದು ಮುಗಿದರೆ >, ‘ಕಡಿಮೆ’ ಎಂದು ಮುಗಿದರೆ <. ‘ಐದಕ್ಕಿಂತ ಏಳು ಹೆಚ್ಚು’: ಐದು ಬಲಕ್ಕೆ, ೭ > ೫. ‘ಏಳಕ್ಕಿಂತ ಐದು ಕಡಿಮೆ’: ಏಳು ಬಲಕ್ಕೆ, ೫ < ೭. ವ್ಯಾಕರಣದ ಪಾಠವೂ ಆಯಿತು, ಗಣಿತದ ಪಾಠವೂ ಆಯಿತು; ಮೊಸಳೆಗೆ ಉಪವಾಸವಾದರೆ ಆಗಲಿ.

ಇನ್ನೊಂದು ಉದಾಹರಣೆಯನ್ನು ಕೊಡದೆ ಮುಂದಕ್ಕೆ ಹೋಗಲಾರೆ. ‘ಹತ್ತಕ್ಕಿಂತ ಮೂರು ಕಡಿಮೆ’ — ಈ ಮಾತಿನ ಅರ್ಥವೇನು? ಮೂರೆಂಬ ಸಂಖ್ಯೆ ಹತ್ತೆಂಬ ಸಂಖ್ಯೆಗಿಂತ ಕೆಳಗಿದೆ ಎಂದೆ? ಹಾಗಾದರೆ ೩ < ೧೦. ಅಥವಾ ಹತ್ತರಲ್ಲಿ ಮೂರು ಕಳೆದಷ್ಟು ಎಂದೆ? ಹಾಗಾದರೆ ೧೦ − ೩, ಎಂದರೆ ಏಳು. ಮೊದಲನೆಯದು ಒಂದು ವಾಕ್ಯ. ಎರಡನೆಯದು ಒಂದು ಮೊತ್ತ. ಹೇಳುವವರ ಧ್ವನಿಯ ಏರಿಳಿತದಿಂದ ಮಾತ್ರ ಇವೆರಡನ್ನು ಬೇರ್ಪಡಿಸಬಹುದು, ಅಚ್ಚಿನಲ್ಲಿ ಧ್ವನಿಯೆಲ್ಲಿ? ಬೀಜಗಣಿತದ ಬಾಗಿಲಲ್ಲಿ ‘ಕ್ಷ ಎಂಬ ಸಂಖ್ಯೆಗಿಂತ ಐದು ಕಡಿಮೆ’ ಎಂಬ ಮಾತಿಗೆ ಎಡವಿ ಬಿದ್ದು, ‘ನನಗೆ ಲೆಕ್ಕ ಬರುವುದಿಲ್ಲ’ ಎಂದು ತೀರ್ಮಾನಿಸಿಕೊಳ್ಳುವ ಮಕ್ಕಳು ಎಷ್ಟೋ ಮಂದಿ. ಅವರಿಗೆ ಬಾರದಿರುವುದು ಲೆಕ್ಕವಲ್ಲ. ಕನ್ನಡದ ಒಂದು ವಾಕ್ಯಕ್ಕೆ ಎರಡು ಅರ್ಥಗಳುಂಟೆಂದು ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೆ.

ಈ ಗುರುತುಗಳು ಅನಾದಿಯಿಂದ ಬಂದವೂ ಅಲ್ಲ. ಸಮಚಿಹ್ನೆಯನ್ನು ಲೋಕಕ್ಕೆ ಕೊಟ್ಟವನು ವೇಲ್ಸ್ ದೇಶದ ರಾಬರ್ಟ್ ರೆಕಾರ್ಡ್, ೧೫೫೭ರಲ್ಲಿ. ಒಂದೇ ಉದ್ದದ ಎರಡು ಸಮಾಂತರ ರೇಖೆಗಳಿಗಿಂತ ಹೆಚ್ಚು ಸಮವಾದ ಜೋಡಿ ಎಲ್ಲಿದೆ ಎಂಬುದು ಅವನ ಸಮರ್ಥನೆ. ಲೋಕಕ್ಕೆ ಸಮತ್ವವನ್ನು ಕೊಟ್ಟ ಆ ಮಹಾಶಯನ ಜಮಾಖರ್ಚು ಮಾತ್ರ ಸಮವಾಗಲಿಲ್ಲ. ತೆರಬೇಕಾದ ಹಣವನ್ನು ತೆರಲಾರದೆ ಮರುವರ್ಷವೇ ಸೆರೆಮನೆಯಲ್ಲಿ ತೀರಿಕೊಂಡ. > ಮತ್ತು < ಗುರುತುಗಳು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ೧೬೩೧ರಲ್ಲಿ, ಥಾಮಸ್ ಹ್ಯಾರಿಯಟ್ ಎಂಬ ಆಂಗ್ಲ ಪಂಡಿತನ ಬೀಜಗಣಿತದ ಗ್ರಂಥದಲ್ಲಿ. ಹ್ಯಾರಿಯಟ್ ಅಮೆರಿಕದ ಕರಾವಳಿಯನ್ನು ಕಂಡುಬಂದವನು, ೧೬೦೯ರಲ್ಲೇ ದೂರದರ್ಶಕದಿಂದ ಚಂದ್ರನನ್ನು ನೋಡಿ ಚಿತ್ರ ಬರೆದವನು. ಆದರೆ ಬದುಕಿದ್ದಾಗ ಬೀಜಗಣಿತವನ್ನು ಅಚ್ಚುಹಾಕಿಸಿದವನಲ್ಲ. ಅವನು ೧೬೨೧ರಲ್ಲಿ ತೀರಿಕೊಂಡ ಹತ್ತು ವರ್ಷಗಳ ಮೇಲೆ, ಅವನ ಕಾಗದಗಳನ್ನು ಕೂಡಿಸಿ ಮಿತ್ರರು ಹೊರತಂದ ಪುಸ್ತಕವದು. ಅದೇ ವರ್ಷ ಔಟ್‌ರೆಡ್ ಎಂಬ ಇನ್ನೊಬ್ಬ ಪಂಡಿತ ಬೇರೆಯೇ ಗುರುತುಗಳನ್ನು ಮುಂದಿಟ್ಟ. ಕಾಲಕ್ರಮದಲ್ಲಿ ಹ್ಯಾರಿಯಟ್ಟನ ಹೆಸರಿನವೇ ಉಳಿದುಕೊಂಡವು.

ಏಕೆ ಉಳಿದವು? ಆಕಾರವೇ ಅರ್ಥವನ್ನು ಹೇಳುವುದರಿಂದ ಎಂದು ನನಗೆ ತೋರುತ್ತದೆ. ಸಮಚಿಹ್ನೆಯ ಎರಡು ಗೆರೆಗಳ ನಡುವಣ ಅಂತರ ಎರಡು ತುದಿಗಳಲ್ಲೂ ಒಂದೇ. ಒಂದು ತುದಿಯ ಅಂತರವನ್ನು ಹಿಗ್ಗಿಸಿ ಇನ್ನೊಂದನ್ನು ಕುಗ್ಗಿಸಿ ನೋಡಿರಿ: ಅಗಲವಾದ ಕಡೆ ಹೆಚ್ಚು, ಗೆರೆಗಳು ಕೂಡಿದ ಕಡೆ ಕಡಿಮೆ. ಇಷ್ಟು ಸರಳವಾದ, ಇಷ್ಟು ಚೆಲುವಾದ ವಿವರಣೆ ಗುರುತಿನೊಳಗೇ ಇರುವಾಗ ಪಾಠಕ್ಕೆ ಹೊರಗಿನಿಂದ ಮೊಸಳೆಯನ್ನು ತರಬೇಕಾದ ಅಗತ್ಯವೇನಿತ್ತೋ ತಿಳಿಯದು. = ಎಂಬುದನ್ನು ಕಲಿತ ಮಗುವಿಗೆ > ಎಂಬುದು ಅದರ ಸೋದರನಾಗಿ ಕಾಣಬೇಕು; ಯಾವುದೋ ಮೃಗಾಲಯದಿಂದ ತಪ್ಪಿಸಿಕೊಂಡು ಬಂದಂತೆ ಕಾಣಬಾರದು.

ಮೊಸಳೆ ನಿಜವಾಗಿ ಕೈಕೊಡುವುದು ಋಣಸಂಖ್ಯೆಗಳ ಬಳಿಗೆ ಬಂದಾಗ. −೫, −೩ ಇವೆರಡರಲ್ಲಿ ಯಾವುದು ಹೆಚ್ಚು? ಮೊಸಳೆಯ ಕಣ್ಣಿಗೆ ೫ ದೊಡ್ಡ ತುತ್ತು. ಅದು −೫ರ ಕಡೆಗೇ ಬಾಯಿ ತೆರೆಯುತ್ತದೆ. ‘ದೊಡ್ಡದು’ ಎಂಬ ನಮ್ಮ ಮಾತೂ ಇಲ್ಲಿ ನೆರವಾಗದು. ಕನ್ನಡದಲ್ಲಿ ದೊಡ್ಡದೆಂದರೆ ಗಾತ್ರ. ಅಷ್ಟೇಕೆ, ದೊಡ್ಡಪ್ಪ, ದೊಡ್ಡವರು, ದೊಡ್ಡತನ ಎಂದು ವಯಸ್ಸು, ಅಂತಸ್ತು, ಗುಣಗಳೆಲ್ಲ ಅದರೊಳಗೆ ಸೇರಿಕೊಂಡಿವೆ. ನಮ್ಮ ಪೂರ್ವಿಕರು ಆರಿಸಿಕೊಂಡ ಮಾತುಗಳು ಇದಕ್ಕಿಂತ ಹದವಾದವು. ಬ್ರಹ್ಮಗುಪ್ತನು ೬೨೮ರಲ್ಲಿ ಇಂಥ ಸಂಖ್ಯೆಗಳ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳುವಾಗ ಒಂದನ್ನು ‘ಧನ’ವೆಂದೂ ಇನ್ನೊಂದನ್ನು ‘ಋಣ’ವೆಂದೂ ಕರೆದ. ದಾವಣಗೆರೆಯ ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಐದು ಸಾವಿರ ಸಾಲವಿರುವವನು ದೊಡ್ಡ ಸಾಲಗಾರ. ಆದರೆ ಆಸ್ತಿಯ ಲೆಕ್ಕದಲ್ಲಿ ಅವನು ಮೂರು ಸಾವಿರ ಸಾಲವಿರುವವನಿಗಿಂತ ಕೆಳಗೆ. ಆದ್ದರಿಂದ −೫ < −೩. ಪೇಟೆಯ ಹುಡುಗನಿಗೆ ತಾನಾಗಿ ತಿಳಿಯುವ ಸಂಗತಿ ಹಲಗೆಯ ಮೇಲೆ ಬಂದೊಡನೆ ಮಂತ್ರವಾಗಿಬಿಡುವುದು ಯಾರ ತಪ್ಪು?

ಇನ್ನೊಂದು ಹೋಲಿಕೆ ನಮ್ಮ ಮನೆಯ ಬಾಗಿಲಲ್ಲೇ ಇದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯಲ್ಲಿ ದಾವಣಗೆರೆಯ ನಿಲ್ದಾಣವನ್ನು ಸೊನ್ನೆಯೆಂದು ಭಾವಿಸೋಣ. ಹುಬ್ಬಳ್ಳಿಯ ಕಡೆಗೆ ಸುಮಾರು ಹದಿನಾಲ್ಕು ಕಿಲೋಮೀಟರಿಗೆ ಹರಿಹರ, ಅದರಾಚೆ ರಾಣೆಬೆನ್ನೂರು. ಇವು ಧನದ ಕಡೆ. ಬೆಂಗಳೂರಿನ ಕಡೆಗೆ ಚಿಕ್ಕಜಾಜೂರು, ಇನ್ನೂ ಹಿಂದಕ್ಕೆ ಬೀರೂರು. ಇವು ಋಣದ ಕಡೆ. ಆಗ ಬೀರೂರು < ಚಿಕ್ಕಜಾಜೂರು < ದಾವಣಗೆರೆ < ಹರಿಹರ < ರಾಣೆಬೆನ್ನೂರು. ಬೀರೂರು ಚಿಕ್ಕಜಾಜೂರಿಗಿಂತ ‘ಕಡಿಮೆ’ ಎಂದರೆ ಅಲ್ಲಿನವರು ಕೋಪಿಸಿಕೊಳ್ಳಬೇಕಾಗಿಲ್ಲ. ದಾರಿಯಲ್ಲಿ ಮೊದಲು ಸಿಕ್ಕುತ್ತದೆ ಎಂದಷ್ಟೇ ಅರ್ಥ. ಗಣಿತದ ‘ಹೆಚ್ಚು’ ಎಂಬುದು ದೊಡ್ಡಸ್ತಿಕೆಯಲ್ಲ, ಸಾಲಿನಲ್ಲಿ ಒಂದು ಸ್ಥಾನ. ಅಷ್ಟೇ ಅಲ್ಲ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ಗಾಡಿಯನ್ನು ಹತ್ತಿದರೆ ಈ ಕ್ರಮವೆಲ್ಲ ತಿರುಗುಮುರುಗಾಗುತ್ತದೆ. ಅಸಮತೆಯ ಎರಡು ಪಕ್ಕಗಳನ್ನೂ ಋಣಸಂಖ್ಯೆಯಿಂದ ಗುಣಿಸಿದರೆ ಗುರುತು ಏಕೆ ತಿರುಗಬೇಕು — ೩ < ೫ ಆಗಿದ್ದದ್ದು −೩ > −೫ ಏಕಾಗಬೇಕು — ಎಂದು ಕೇಳುವ ವಿದ್ಯಾರ್ಥಿಗೆ, ಗಾಡಿಯ ಮುಖ ತಿರುಗಿತು ಎಂದರೆ ಸಾಕು. ನಿಯಮವನ್ನು ಬಾಯಿಪಾಠ ಮಾಡಬೇಕಾದ ಕಷ್ಟ ತಪ್ಪುತ್ತದೆ.

ಈಗ ಗುರುತಿನ ಅಡಿಯಲ್ಲಿ ಎಳೆಯುವ ಆ ಸಣ್ಣ ಗೆರೆಯ ವಿಷಯ: ≥ ಮತ್ತು ≤. ಇವು ಹ್ಯಾರಿಯಟ್ಟನ ಗುರುತಿಗಿಂತ ನೂರು ವರ್ಷ ಕಿರಿಯವು. ಬೂಗೇ ಎಂಬ ಫ್ರೆಂಚ್ ವಿದ್ವಾಂಸ ೧೭೩೪ರಲ್ಲಿ ಅಡಿಗೆರೆಯೊಂದಿಗೆ ಬಳಸಿದ. ಅವನು ಎಳೆದದ್ದು ಎರಡು ಗೆರೆ. ಈಗ ಒಂದಕ್ಕೆ ಇಳಿದಿದೆ. ಮಕ್ಕಳು ಇದನ್ನು ಅಲಂಕಾರವೆಂದು ತಿಳಿದು ಬಿಟ್ಟುಬಿಡುತ್ತಾರೆ. ಆದರೆ ಲೋಕವ್ಯವಹಾರದಲ್ಲಿ ಕಣ್ಣೀರೂ ನಗೆಯೂ ನಿಂತಿರುವುದು ಈ ಗೆರೆಯ ಮೇಲೆಯೇ. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಬಹುಕಾಲ ಉತ್ತೀರ್ಣರಾಗಲು ೩೫ ಅಂಕ ಬೇಕಾಗಿತ್ತು. ‘೩೫ಕ್ಕಿಂತ ಹೆಚ್ಚು’ ಎಂದು ನಿಯಮವಿದ್ದಿದ್ದರೆ ಸರಿಯಾಗಿ ೩೫ ಪಡೆದವರೆಲ್ಲ ಅನುತ್ತೀರ್ಣರು. ‘೩೫ಕ್ಕೆ ಕಡಿಮೆಯಿಲ್ಲದೆ’ ಎಂದಿದ್ದುದರಿಂದ ಅವರೆಲ್ಲ ಉತ್ತೀರ್ಣರು. ಆ ಗೆರೆಯ ಮೇಲೆ ನಿಂತು ಕಾಲೇಜಿನ ಮೆಟ್ಟಿಲು ಹತ್ತಿದವರು ಎಷ್ಟು ಮಂದಿಯೋ!

ಈ ನಾಲ್ಕು ಗುರುತುಗಳಿಗೂ ಕನ್ನಡದಲ್ಲಿ ನಾಲ್ಕು ಬೇರೆ ಬೇರೆ ಮಾತುಗಳು ಸಿದ್ಧವಾಗಿವೆ ಎಂಬುದು ನನಗೆ ಬಹಳ ಸಂತೋಷದ ಸಂಗತಿ. ‘ಐದನ್ನು ಮೀರಿದ’ ಎಂದರೆ >. ‘ಐದಕ್ಕೆ ಕಡಿಮೆಯಿಲ್ಲದ’ ಎಂದರೆ ≥. ‘ಐದನ್ನು ಮುಟ್ಟದ’ ಎಂದರೆ <. ‘ಐದನ್ನು ಮೀರದ’ ಎಂದರೆ ≤. ವಯಸ್ಸಿನ ಮಾತಿನಲ್ಲಿ ‘ತುಂಬಿದ’, ‘ತುಂಬದ’ ಎಂಬ ಇನ್ನೂ ಅಂದವಾದ ಜೋಡಿಯಿದೆ. ರೈಲಿನಲ್ಲಿ ಐದು ವರ್ಷ ತುಂಬದ ಮಗುವಿಗೆ ಟಿಕೆಟ್ಟಿಲ್ಲ; ಐದು ತುಂಬಿ ಹನ್ನೆರಡು ತುಂಬದ ಮಗುವಿಗೆ ಬೇರೆ ನಿಯಮ. ಇದನ್ನು ಬರೆದರೆ ೫ ≤ ವಯಸ್ಸು < ೧೨. ಒಂದು ತುದಿಯಲ್ಲಿ ಗೆರೆಯುಂಟು, ಇನ್ನೊಂದು ತುದಿಯಲ್ಲಿ ಇಲ್ಲ. ಅದಕ್ಕೇ ಯಾವ ಮಗುವೂ ಎರಡು ನಿಯಮಗಳಿಗೆ ಸಿಕ್ಕಿಬೀಳುವುದಿಲ್ಲ, ಯಾವ ಮಗುವೂ ಎರಡರ ನಡುವಣ ಸಂದಿಯಲ್ಲಿ ಕಳೆದುಹೋಗುವುದಿಲ್ಲ. ಇದಕ್ಕೆ ಹೋಲಿಸಿದರೆ ನಮ್ಮ ಕಚೇರಿಯ ಕನ್ನಡದ ‘ಮೇಲ್ಪಟ್ಟ’, ‘ಒಳಪಟ್ಟ’, ‘ವರೆಗೆ’ ಎಂಬ ಮಾತುಗಳು ಮಂಜುಮಂಜು. ‘ಹದಿನೆಂಟು ವರ್ಷ ಮೇಲ್ಪಟ್ಟವರು’ ಎಂದರೆ ಇಂದೇ ಹದಿನೆಂಟು ತುಂಬಿದವನು ಸೇರಿದನೆ, ಇಲ್ಲವೆ? ಪ್ರಕಟಣೆಗಳನ್ನು ಬರೆಯುವವರು ಒಂದು ಸಲ ಗುರುತಿನಲ್ಲಿ ಬರೆದುಕೊಂಡು ಆಮೇಲೆ ಕನ್ನಡಕ್ಕೆ ತಂದರೆ ಎಷ್ಟೋ ಜಗಳಗಳು ತಪ್ಪಿಯಾವು.

ಗಣಿತವನ್ನೇ ಅರಿಯದವರೂ ಅಸಮತೆಗಳೊಂದಿಗೆ ಬಾಳುತ್ತಿರುವುದನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಕಾಣಬಹುದು. ಬೆಂಬಲ ಬೆಲೆಗೆ ಮೆಕ್ಕೆಜೋಳವನ್ನು ತಂದ ರೈತನಿಗೆ ಕಾಳಿನ ತೇವ ಶೇಕಡ ೧೪ನ್ನು ಮೀರಬಾರದೆಂಬ ನಿಯಮವಿದೆ. ಅವನ ವರ್ಷದ ದುಡಿಮೆ ಒಂದು ≤ ಗುರುತಿನ ಎದುರು ನಿಂತಿರುತ್ತದೆ. ಮಳೆಗಾಲದಲ್ಲಿ ದಾವಣಗೆರೆ, ಹರಿಹರ ತಾಲ್ಲೂಕುಗಳ ಅಚ್ಚುಕಟ್ಟಿನ ರೈತರು ಪತ್ರಿಕೆ ತೆರೆದೊಡನೆ ನೋಡುವುದು ಭದ್ರಾ ಜಲಾಶಯದ ಮಟ್ಟವನ್ನು. ಪೂರ್ಣಮಟ್ಟ ೧೮೬ ಅಡಿ. ಇಂದಿನ ಮಟ್ಟ ಅದಕ್ಕಿಂತ ಎಷ್ಟು ಕಡಿಮೆ, ಕಳೆದ ವರ್ಷ ಇದೇ ದಿನಕ್ಕಿಂತ ಹೆಚ್ಚೋ ಕಡಿಮೆಯೋ — ಈ ಎರಡು ಹೋಲಿಕೆಗಳಲ್ಲಿ ಬತ್ತದ ಭವಿಷ್ಯ ಅಡಗಿದೆ. ನಾಲೆಯ ಕೊನೆಭಾಗದ ರೈತನಿಗಂತೂ ಇನ್ನೊಂದು ಅಸಮತೆ ಸೇರಿಕೊಳ್ಳುತ್ತದೆ: ಅಣೆಕಟ್ಟಿನಲ್ಲಿರುವ ನೀರಿಗಿಂತ ತನ್ನ ಗದ್ದೆಗೆ ಬರುವ ನೀರು ಯಾವಾಗಲೂ ಕಡಿಮೆ.

ಹರಿಹರದಲ್ಲಿ ಇನ್ನೊಂದು ಬಗೆಯ ವಿದ್ಯಾಭ್ಯಾಸವಿತ್ತು. ೧೯೪೧ರಲ್ಲಿ ಅಲ್ಲಿ ನೆಲೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತುಗಳನ್ನು ತಯಾರಿಸಿತು. ಈಗ ಅದು ನಿಂತುಹೋಗಿದೆ. ಯಂತ್ರಶಾಲೆಯ ಕೆಲಸದಲ್ಲಿ ‘ಸರಿಯಾಗಿ ೨೫ ಮಿಲಿಮೀಟರ್’ ಎಂಬ ಮಾತಿಲ್ಲ. ಲೋಹವು ಯಾರ ಮಾತಿಗೂ ಅಷ್ಟು ಬಗ್ಗುವುದಿಲ್ಲ. ಇಷ್ಟಕ್ಕೆ ಕಡಿಮೆಯಿರಬಾರದು, ಇಷ್ಟನ್ನು ಮೀರಬಾರದು ಎಂಬ ಎರಡು ಎಲ್ಲೆಗಳುಂಟು. ನಡುವೆ ಎಲ್ಲಿ ನಿಂತರೂ ಸರಿ. ಕೊರೆದ ರಂಧ್ರವನ್ನು ಪರೀಕ್ಷಿಸಲು ‘ಗೋ–ನೋ ಗೋ ಗೇಜ್’ ಎಂಬ ಒಂದು ಸಾಧನವಿದೆ. ಅದರ ಒಂದು ತುದಿ ರಂಧ್ರದೊಳಗೆ ಹೋಗಲೇಬೇಕು. ಇನ್ನೊಂದು ತುದಿ ಹೋಗಲೇಬಾರದು. ಮೊದಲನೆಯದು ಹೋದರೆ ರಂಧ್ರ ಸಾಲದಷ್ಟು ಚಿಕ್ಕದಾಗಿಲ್ಲ; ಎರಡನೆಯದು ಹೋಗದಿದ್ದರೆ ಬೇಕಾದುದಕ್ಕಿಂತ ದೊಡ್ಡದಾಗಿಲ್ಲ. ಒಂದು ಅಂಕಿಯನ್ನೂ ಓದದೆ, ಒಂದು ಗುರುತನ್ನೂ ಬರೆಯದೆ ಎರಡು ಅಸಮತೆಗಳನ್ನು ಕೈಯಿಂದಲೇ ಸಾಧಿಸಿ ತೋರಿಸುವ ಟರ್ನರನು ನನ್ನ ಕಣ್ಣಿಗೆ ಒಳ್ಳೆಯ ಗಣಿತಜ್ಞನೇ. ಅಂಥ ಗೇಜೊಂದನ್ನು ತರಗತಿಗೆ ತಂದು ಮಕ್ಕಳ ಕೈಯಲ್ಲಿಟ್ಟರೆ ಒಂದು ವಾರದ ಪಾಠ ಒಂದು ಗಂಟೆಯಲ್ಲಿ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಕೊನೆಗೆ ಇರಿಸಿಕೊಂಡಿದ್ದೇನೆ. ‘ಹೆಚ್ಚು’ ಎಂದೊಡನೆ ‘ಯಾವುದರಲ್ಲಿ?’ ಎಂದು ಕೇಳಬೇಕು. ದಾವಣಗೆರೆ ಹೆಚ್ಚೋ ಹರಿಹರ ಹೆಚ್ಚೋ? ಜನಸಂಖ್ಯೆಯಲ್ಲಿ ಸಂದೇಹವೇ ಇಲ್ಲ. ೨೦೧೧ರ ಜನಗಣತಿಯಲ್ಲಿ ದಾವಣಗೆರೆ ನಾಲ್ಕು ಲಕ್ಷವನ್ನು ಮೀರಿತ್ತು, ಹರಿಹರ ಒಂದು ಲಕ್ಷವನ್ನು ಮುಟ್ಟಿರಲಿಲ್ಲ. ಪ್ರಾಚೀನ ಕೀರ್ತಿಯನ್ನು ಅಳೆದರೆ ಗುರುತು ತಿರುಗುತ್ತದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಳಾಲ್ವ ೧೨೨೪ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯಕ್ಕೆ ಸಾಟಿಯಾದುದನ್ನು ದಾವಣಗೆರೆ ತೋರಿಸಲಾರದು. ಬೆಣ್ಣೆದೋಸೆಯಲ್ಲಿ ದಾವಣಗೆರೆ ಮುಂದು. ಹೊಳೆಯ ದಂಡೆಯ ಸಂಜೆಯಲ್ಲಿ ಹರಿಹರ ಮುಂದು. ಇವೆಲ್ಲವನ್ನೂ ಕೂಡಿಸಿ ಒಂದೇ ಅಂಕಿಗೆ ಇಳಿಸಿ, ನಡುವೆ ಒಂದು > ಹಾಕುತ್ತೇನೆಂದು ಹೊರಟವನು ಗಣಿತಜ್ಞನಲ್ಲ, ಜಗಳಗಂಟ.

ಎಲ್ಲ ಜೋಡಿಗಳ ನಡುವೆಯೂ ಈ ಗುರುತನ್ನು ಹಾಕಲು ಬರುವುದಿಲ್ಲವೆಂದು ಗಣಿತವೇ ಒಪ್ಪಿಕೊಂಡಿದೆ. ವರ್ಗ ಮಾಡಿದರೆ −೧ ಆಗುವ ಒಂದು ಸಂಖ್ಯೆಯನ್ನು ಗಣಿತಜ್ಞರು ಕಲ್ಪಿಸಿಕೊಂಡಿದ್ದಾರೆ. ಅದು ಸೊನ್ನೆಗಿಂತ ಹೆಚ್ಚೆ? ಹೆಚ್ಚಾದರೆ ಅದರ ವರ್ಗವೂ ಸೊನ್ನೆಗಿಂತ ಹೆಚ್ಚಾಗಬೇಕು. ಕಡಿಮೆಯೆ? ಋಣವನ್ನು ಋಣದಿಂದ ಗುಣಿಸಿದರೆ ಧನವಾದುದರಿಂದ ಆಗಲೂ ವರ್ಗ ಸೊನ್ನೆಗಿಂತ ಹೆಚ್ಚೇ ಆಗಬೇಕು. ಆದರೆ −೧ ಸೊನ್ನೆಗಿಂತ ಕಡಿಮೆ. ಅಲ್ಲಿಗೆ ಆ ಸಂಖ್ಯೆ ಸೊನ್ನೆಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಸೊನ್ನೆಯೂ ಅಲ್ಲ. ಅಂಥ ಸಂಕೀರ್ಣ ಸಂಖ್ಯೆಗಳ ಲೋಕದಲ್ಲಿ ಕೂಡುವ ಗುಣಿಸುವ ನಿಯಮಗಳಿಗೆ ಹೊಂದುವಂತೆ ಹೆಚ್ಚು–ಕಡಿಮೆಯ ಒಂದು ಸಾಲನ್ನು ಕಟ್ಟಲು ಸಾಧ್ಯವೇ ಇಲ್ಲ. ಆದರೂ ಅವು ಉಪಯೋಗಕ್ಕೆ ಬಾರದವಲ್ಲ. ಇಂದಿನ ವಿದ್ಯುತ್ ಶಾಸ್ತ್ರ ಅವಿಲ್ಲದೆ ಹೆಜ್ಜೆಯಿಡದು.

ಹರಿಹರದ ಗರ್ಭಗುಡಿಯಲ್ಲಿ ನಿಂತ ಮೂರ್ತಿಯೂ ಇದೇ ಮಾತನ್ನು ಬೇರೆ ಭಾಷೆಯಲ್ಲಿ ಹೇಳುತ್ತದೆ. ಬಲಭಾಗ ಹರ, ಎಡಭಾಗ ಹರಿ. ಹರಿ ಹೆಚ್ಚೋ ಹರ ಹೆಚ್ಚೋ ಎಂದು ಶತಮಾನಗಳ ಕಾಲ ಪಂಡಿತರು ವಾದಿಸಿದ ನಾಡು ಇದು. ಸ್ಥಳಪುರಾಣದ ಗುಹಾಸುರನಿಗೆ ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂಬ ವರವಿದ್ದಿತಂತೆ. ಒಬ್ಬರಿಗಿಂತ ಒಬ್ಬರು ಹೆಚ್ಚೆಂಬ ಲೆಕ್ಕ ಅಲ್ಲಿ ಕೆಲಸಕ್ಕೆ ಬಾರದೆ ಇಬ್ಬರೂ ಒಂದಾಗಬೇಕಾಯಿತು. ಶಿಲ್ಪಿ ಎರಡು ಅರ್ಧಗಳ ನಡುವೆ ಯಾವ ಗುರುತನ್ನೂ ಕೆತ್ತಲಿಲ್ಲ.

ಇಷ್ಟು ದೂರ ಬಂದ ಮೇಲೆ, ಈ ಗುರುತಿನ ಪಾಠ ಕೇವಲ ಗಣಿತದ ಪಾಠವಲ್ಲವೆಂದು ಹೇಳಿದರೆ ವಾಚಕರು ಅತಿಶಯೋಕ್ತಿಯೆಂದು ತಳ್ಳಿಬಿಡಲಾರರೆಂದು ನಂಬಿದ್ದೇನೆ. ದಾವಣಗೆರೆ ವಿದ್ಯೆಯ ಊರು. ಫಲಿತಾಂಶದ ದಿನಗಳಲ್ಲಿ ಬೀದಿಬೀದಿಯ ಫಲಕಗಳ ಮೇಲೆ ಮಕ್ಕಳ ಮುಖ, ಮುಖದ ಕೆಳಗೆ ಅಂಕ. ೬೨೦ ಎಂಬುದು ೬೧೮ಕ್ಕಿಂತ ಹೆಚ್ಚು. ಇದು ಸತ್ಯ, ಇದನ್ನು ಅಲ್ಲಗಳೆಯುವವರಿಲ್ಲ. ಆದರೆ ಅಂಕಗಳ ನಡುವಣ ಗುರುತನ್ನು ಎತ್ತಿ ಮಕ್ಕಳ ನಡುವೆ ನೆಡುತ್ತೇವಲ್ಲ, ಅದು ಗಣಿತವಲ್ಲ. ‘ಅವರ ಹುಡುಗ ನಮ್ಮವನಿಗಿಂತ ಮೇಲು’ ಎಂಬ ವಾಕ್ಯದಲ್ಲಿ ‘ಯಾವುದರಲ್ಲಿ’ ಎಂಬ ಪದ ಬಿದ್ದುಹೋಗಿದೆ. ಪದ ಬಿದ್ದುಹೋದ ವಾಕ್ಯವನ್ನು ಗಣಿತದ ಉಪಾಧ್ಯಾಯರು ತಪ್ಪೆಂದು ಗೀಟುಹಾಕಬೇಕಲ್ಲದೆ ಹಲಗೆಯ ಮೇಲೆ ತಾವೇ ಬರೆಯಬಾರದು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾನು ಬಲ್ಲೆ. ಆರೇಳು ವರ್ಷದ ಮಗುವಿಗೆ ವ್ಯಾಕರಣ, ಗೇಜು, ಮೂರ್ತಿಶಿಲ್ಪಗಳೆಲ್ಲ ಏತಕ್ಕೆ, ಮೊಸಳೆಯಿಂದ ಮಕ್ಕಳಿಗೆ ಸಂತೋಷವಾಗುತ್ತದೆಯಲ್ಲ ಎಂದು ಕೆಲವರು ಹೇಳಬಹುದು. ಸಂತೋಷಕ್ಕೆ ನನ್ನ ವಿರೋಧವಿಲ್ಲ. ಮೊಸಳೆ ಒಂದು ದಿನ ಅತಿಥಿಯಾಗಿ ಬಂದು ಹೋಗಲಿ. ಮನೆಯಲ್ಲೇ ಠಿಕಾಣಿ ಹೂಡುವುದು ಬೇಡ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಈ ತೊಡಕಿಲ್ಲವೆಂದು ಇನ್ನು ಕೆಲವರು ಹೇಳಬಹುದು. ಆದರೆ ಶಾಲೆಯ ಭಾಷೆ ಯಾವುದಾದರೂ, ಮನೆಯಲ್ಲಿ ಕನ್ನಡವಾಡುವ ಮಗುವು ತಮ್ಮನ ತಟ್ಟೆಯಲ್ಲಿ ತನಗಿಂತ ಒಂದು ಹೋಳಿಗೆ ಹೆಚ್ಚಿದೆ ಎಂದು ಅಳುವುದು ಕನ್ನಡದಲ್ಲೇ.

ಆದ್ದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ. ಗುರುತನ್ನು ಹಲಗೆಯ ಮೇಲೆ ಬರೆಯುವ ಮೊದಲು ಒಂದು ವಾರ ಮಕ್ಕಳಿಂದ ಬಾಯಿಮಾತಿನಲ್ಲಿ ಹೋಲಿಕೆಗಳನ್ನು ಹೇಳಿಸಿರಿ: ಬಳಪಗಳು, ಹುಣಸೆ ಬೀಜಗಳು, ಅಳತೆಪಟ್ಟಿ, ತಕ್ಕಡಿ, ಏನು ಸಿಕ್ಕರೆ ಅದು. ಪ್ರತಿಯೊಂದು ವಾಕ್ಯವನ್ನೂ ಎರಡು ರೀತಿಯಲ್ಲಿ, ‘ಹೆಚ್ಚು’ ಎಂದೂ ‘ಕಡಿಮೆ’ ಎಂದೂ, ತಿರುಗಿಸಿ ಹೇಳಿಸಿರಿ. ‘ದೊಡ್ಡದು’ ಎಂದರೆ ‘ಯಾವುದರಲ್ಲಿ?’ ಎಂದು ಕೇಳಿರಿ, ‘ಯಾವುದಕ್ಕಿಂತ?’ ಎಂದು ಕೇಳಿರಿ; ಎಲ್ಲೆಯ ಮಾತು ಬಂದಾಗ ‘ಅದೂ ಸೇರಿಯೋ, ಅದನ್ನು ಬಿಟ್ಟೋ?’ ಎಂದು ಕೇಳಿರಿ. ಈ ಮೂರು ಪ್ರಶ್ನೆಗಳು ನಾಲಗೆಯ ಮೇಲೆ ನೆಲೆಗೊಂಡ ಮಗುವಿಗೆ ಗುರುತನ್ನು ಕಲಿಸಲು ಐದು ನಿಮಿಷ ಸಾಕು. ಬರೆದುದನ್ನು ಮಾತ್ರ ಪ್ರತಿಸಲವೂ ಗಟ್ಟಿಯಾಗಿ, ಕನ್ನಡದಲ್ಲಿ ಓದಿಸಲು ಮರೆಯಬೇಡಿರಿ.